ಹೊಸ ಟ್ರ್ಯಾಕ್ಟರಿನಲ್ಲಿ ಹಳೆಯ ಎಂಜಿನ್



ಹೊಸದಾಗಿ ಕೊಂಡ ಟ್ರ್ಯಾಕ್ಟರಿನಲ್ಲೂ ಎಂಜಿನ್ನಿನ ವಿನ್ಯಾಸ ಎಷ್ಟೋ ವೇಳೆ ಹಳೆಯದೇ ಆಗಿರುತ್ತದೆ. 1959ರಲ್ಲಿ ಮ್ಯಾಸಿ ಫರ್ಗ್ಯುಸನ್ 35 ಟ್ರ್ಯಾಕ್ಟರಿಗೆ ಇಂಗ್ಲೆಂಡಿನ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ ಕೂಡಿಸಿದರು. ಅದೇ ವಂಶದ ಎಂಜಿನ್ನುಗಳು ಚೆನ್ನೈಯಲ್ಲಿ ತಯಾರಾಗಿ ಇಂದಿಗೂ ನಮ್ಮ ಹೊಲಗಳಲ್ಲಿ ದುಡಿಯುತ್ತಿವೆ.

ಹಳತನ್ನೇಕೆ ಮಾರುತ್ತಾರೆಂದು ಕೆಲವರು ಕೇಳುತ್ತಾರೆ. ಉಳುಮೆಗೆ ವೇಗ ಬೇಕಿಲ್ಲ. ಕಡಿಮೆ ಸುತ್ತಿನಲ್ಲಿ ಎಳೆಯುವ ಬಲ ಬೇಕು. ಅದು ಇದರಲ್ಲಿದೆ. ಇಂಧನ ಪಂಪು ಯಾಂತ್ರಿಕವಾದುದರಿಂದ ಕಂಪ್ಯೂಟರಿನ ಹಂಗಿಲ್ಲ. ಬಹುಪಾಲು ದುರಸ್ತಿ ಹೋಬಳಿಯಲ್ಲೇ ಆಗುತ್ತದೆ. ಹೊಗೆಯ ವಿಷಯದಲ್ಲಿ ಇದು ಹಿಂದೆಯೇ ಸರಿ. 2023ರ ಜನವರಿಯಲ್ಲಿ ಬಂದ ಬಿಗಿ ನಿಯಮ 50 ಅಶ್ವಶಕ್ತಿಗೆ ಮೇಲ್ಪಟ್ಟವುಗಳಿಗೆ ಮಾತ್ರವಾದ್ದರಿಂದ ಸಣ್ಣ ಟ್ರ್ಯಾಕ್ಟರುಗಳು ಹಳೆಯ ವಿನ್ಯಾಸದಲ್ಲೇ ಉಳಿದವು.

ಆದರೆ ‘ಗಟ್ಟಿ ಎಂಜಿನ್’ ಎಂಬ ಹೆಸರೇ ಇದಕ್ಕೆ ಮುಳುವು. ಗಟ್ಟಿಯೆಂದು ನಂಬಿ ಗಾಳಿ ಶೋಧಕವನ್ನು ಮರೆಯುತ್ತೇವೆ. ಧೂಳು ಒಳಹೊಕ್ಕರೆ ಪಿಸ್ಟನ್ ರಿಂಗು, ಲೈನರು ಸವೆದು ಆಯಿಲ್ ಉರಿಯುತ್ತದೆ. ನೀಲಿ ಹೊಗೆ ಬರುತ್ತದೆ. ಆಗ ಎಂಜಿನ್ ಬಿಚ್ಚದೆ ಗತ್ಯಂತರವಿಲ್ಲ. ಎಣ್ಣೆ ಬಟ್ಟಲಿನ ಶೋಧಕವಿದ್ದರೆ ಧೂಳಿನ ದಿನಗಳಲ್ಲಿ ಪ್ರತಿದಿನವೂ ಬಟ್ಟಲು ಬಿಚ್ಚಿ ನೋಡಿರಿ. ತಳದಲ್ಲಿ ಕೆಸರು ಕಂಡರೆ ಡೀಸೆಲಿನಲ್ಲಿ ತೊಳೆದು ಗುರುತಿನವರೆಗೆ ಹೊಸ ಆಯಿಲ್ ತುಂಬಿರಿ. ಗುರುತು ಮೀರಬೇಡಿ, ಹೆಚ್ಚಾದುದನ್ನು ಎಂಜಿನ್ ಎಳೆದುಕೊಳ್ಳುತ್ತದೆ. ಶೋಧಕದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ ಅಂದೇ ಬದಲಾಯಿಸಿರಿ.