ನೀರೊಳಗಿನ ಹವಳದ ದಿಬ್ಬ



ನಾವು ಕುಂತಿರುವ ಈ ಫರಸಿ ನೋಡ್ರಿ. ಇದು ಶಹಾಬಾದ ಕಲ್ಲು. ಕುರಕುಂಟಾದ ಮನೆಗಳಲ್ಲಿ ಹಾಸಿದ್ದು ಇದೇ. ಐವತ್ತು ಕೋಟಿ ವರ್ಷಗಳಿಗೂ ಹಿಂದೆ ನಮ್ಮ ಸೀಮೆಯಲ್ಲಿ ಸಮುದ್ರ ಇತ್ತು. ಅದರ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕುಂತು ಕಲ್ಲಾಯಿತು. ಅದಕ್ಕೇ ಖಣಿಯಲ್ಲಿ ಫರಸಿ ಹಾಳೆಯಂತೆ ಏಳುತ್ತದೆ.

ಈಗ ಸಮುದ್ರ ಪಶ್ಚಿಮಕ್ಕೆ ಬಲು ದೂರ ಅದ. ಅಲ್ಲಿ ಇವತ್ತಿಗೂ ಸುಣ್ಣದ ಕಲ್ಲು ಬೆಳೆಯುತ್ತಿದೆ. ಬೆಳೆಸುವವರು ಯಾರು? ಹವಳದ ಪ್ರಾಣಿಗಳು.

ಹವಳ ಅಂದರೆ ನಮಗೆ ಸರದ ಕೆಂಪು ಮಣಿ ನೆನಪಾಗುತ್ತದೆ. ಅದು ಬೇರೆ ಜಾತಿ. ದಿಬ್ಬ ಕಟ್ಟುವ ಹವಳದ ಪ್ರಾಣಿ ಎಷ್ಟೋ ಸಲ ಜೋಳದ ಕಾಳಿಗಿಂತ ಸಣ್ಣದು. ಅದು ನೀರಿನಲ್ಲಿರುವ ಸುಣ್ಣ ತೆಗೆದುಕೊಂಡು ತನ್ನ ಕೆಳಗೆ ಮನೆ ಕಟ್ಟುತ್ತದೆ. ಸತ್ತವರ ಮನೆಯ ಮೇಲೆ ಇದ್ದವರು ಮತ್ತೆ ಕಟ್ಟುತ್ತಾರೆ. ಗುಂಡು ಹವಳ ವರ್ಷಕ್ಕೆ ಒಂದು ಬೆರಳಿನ ಅಗಲದಷ್ಟೂ ಬೆಳೆಯುವುದಿಲ್ಲ. ದೊಡ್ಡ ದಿಬ್ಬಕ್ಕೆ ಸಾವಿರಾರು ವರ್ಷ ಬೇಕು.

ಹವಳದ ಮೈಯೊಳಗೆ ಕಣ್ಣಿಗೆ ಕಾಣದಂಥ ಪಾಚಿ ಇರುತ್ತದೆ. ಬಿಸಿಲಿನಿಂದ ಪಾಚಿ ಆಹಾರ ಮಾಡುತ್ತದೆ, ಹವಳ ಉಣ್ಣುತ್ತದೆ. ಪಾಚಿ ಅಡುಗೆಯಾಕಿ, ಬಿಸಿಲು ಆಕಿಯ ಒಲೆ ಅನ್ನೋಣ. ನೀರು ರಾಡಿಯಾದರೆ ಬಿಸಿಲು ಒಳಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಕಾಳಿ, ಶರಾವತಿ ನದಿಗಳು ಮಣ್ಣು ಹೊತ್ತು ಸಮುದ್ರ ಸೇರುತ್ತವೆ. ಅದಕ್ಕೇ ನಮ್ಮ ರಾಜ್ಯದ ದಂಡೆಯ ಹತ್ತಿರ ಹವಳ ಕಡಿಮೆ.

ದಂಡೆ ಬಿಟ್ಟು ಮುಂದೆ ಹೋಗಬೇಕು. ಉತ್ತರ ಕನ್ನಡದ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ನೇತ್ರಾಣಿ ಎಂಬ ಸಣ್ಣ ದ್ವೀಪ ಅದ. ಅದರ ಸುತ್ತ ತಿಳಿನೀರಿನ ಬಂಡೆಗಳ ಮೇಲೆ ಹವಳ ಬೆಳೆದಿದೆ. ಇಂಥ ಜಾಗವನ್ನು ನೌಕಾಪಡೆ ಗುರಿ ಹೊಡೆಯುವ ಅಭ್ಯಾಸಕ್ಕೆ ಬಳಸಿತ್ತು. ಹವಳದ ಬೆಲೆ ತಿಳಿದವರು ಅದನ್ನು ವಿರೋಧಿಸಿದರು. ಅದು ಸರಿಯೇ ಅಂತೀವಿ ನಾವು.

ಇನ್ನೂ ಉತ್ತರಕ್ಕೆ ಹೋದರೆ ಮಹಾರಾಷ್ಟ್ರದ ವಿಜಯದುರ್ಗ. ಅಲ್ಲಿಂದ ಸುಮಾರು 105 ಕಿಲೋಮೀಟರು ಸಮುದ್ರದೊಳಗೆ ಆಂಗ್ರಿಯಾ ದಿಬ್ಬ ಅದ. ಉದ್ದ ಸುಮಾರು 40 ಕಿಲೋಮೀಟರು, ಅಗಲ 15. ಆದರೆ ಮೇಲೆ ಒಂದು ಕಲ್ಲೂ ಕಾಣುವುದಿಲ್ಲ! ಅದರ ನೆತ್ತಿಯೇ ನೀರಿನಿಂದ 20 ಮೀಟರು ಕೆಳಗೆ. ಆರು ವಾರಿಯ ನಾಲ್ಕು ಸೀರೆ ಗಂಟು ಹಾಕಿ ಇಳಿಬಿಟ್ಟರೆ ಸೆರಗು ಮುಟ್ಟೀತು. ಮರಾಠರ ಹಡಗುಪಡೆಯ ಸರದಾರ ಕಾನ್ಹೋಜಿ ಆಂಗ್ರೆಯ ಹೆಸರು ಅದಕ್ಕೆ ಬಂದಿದೆ. ನದಿಯ ರಾಡಿ ಅಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಅಷ್ಟು ಆಳಕ್ಕೂ ಬಿಸಿಲು ಇಳಿಯುತ್ತದೆ, ಹವಳ ಬದುಕುತ್ತದೆ.

ಹವಳದ ಸಂದುಗಳಲ್ಲಿ ಮೀನಿನ ಮರಿಗಳು ಅಡಗಿ ಬೆಳೆಯುತ್ತವೆ. ಹವಳ ಸತ್ತರೆ ಮೀನೂ ಕಡಿಮೆ. ಬುಟ್ಟಿ ಹೊತ್ತು ಮೀನು ಮಾರುವ ನಮ್ಮಂಥ ಹೆಣ್ಣುಮಕ್ಕಳ ಹೊಟ್ಟೆಯ ಮಾತು ಇದು. ದೋಣಿಯ ಲಂಗರು ಬಡಿದರೆ ಹವಳ ಮುರಿಯುತ್ತದೆ. ಅದಕ್ಕಿಂತ ದೊಡ್ಡ ಭಯ ಬಿಸಿ ನೀರಿನದು. ಬೇಸಿಗೆಯ ಬಿಸಿಗಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೆ ಸಾಕು, ಅಡುಗೆಯಾಕಿ ಮನೆ ಬಿಡುತ್ತಾಳೆ. ಹವಳ ಬೆಳ್ಳಗಾಗಿ ಉಪವಾಸ ಬೀಳುತ್ತದೆ. ನೀರು ಬೇಗ ತಣ್ಣಗಾದರೆ ಆಕಿ ತಿರುಗಿ ಬರಬಹುದು. ಇಲ್ಲಾಂದ್ರೆ ಹವಳ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016, 2024ರಲ್ಲಿ ಹೀಗೆ ಹವಳ ಬಿಳಿಚಿತು.

ಈಗ ಗೋಡೆಯ ನಕ್ಷೆಯ ಹತ್ತಿರ ಬರ್ರಿ. ಇಲ್ಲಿ ಸೇಡಂ, ಅಲ್ಲಿ ವಿಜಯದುರ್ಗ. ಆಂಗ್ರಿಯಾ ಇದರಲ್ಲಿ ಇಲ್ಲ. ನೀಲಿ ಜಾಗದಲ್ಲಿ ಪೆನ್ಸಿಲಿನಿಂದ ನೀವೇ ಹೆಸರು ಬರೀರಿ. ಗಕಾರಕ್ಕೆ ರಕಾರದ ಒತ್ತು ಮರೀಬ್ಯಾಡ್ರಿ.