ಬಾಗಿಲು ಕಾದವನು ಬರೆಯಲು ಕೂತ

ನೈಟ್‌ಕ್ಲಬ್ಬಿನ ಬೌನ್ಸರ್ ಎಂದರೆ ಯಾರಿಗೂ ಅಂಜದ ಆಳು ಎಂಬುದು ಸಾಮಾನ್ಯ ನಂಬಿಕೆ. ಮುಂದೆ ಲೇಖಕರಾದ ಜೆಫ್ ಥಾಂಪ್ಸನ್ ಆ ಕೆಲಸಕ್ಕೆ ಸೇರಿದ್ದೇ ಅಂಜಿಕೆಯ ಕಾಟ ತಾಳಲಾರದೆ.

1960ರಲ್ಲಿ ಹುಟ್ಟಿದ ಥಾಂಪ್ಸನ್ ಅವರ ಊರು ಇಂಗ್ಲೆಂಡಿನ ಕೊವೆಂಟ್ರಿ. ಕಾರು ಕಾರ್ಖಾನೆಗಳ ಅನ್ನ ತಿಂದು ಬೆಳೆದ ಊರು ಅದು. ಎಂಬತ್ತರ ದಶಕದ ಹೊತ್ತಿಗೆ ಕಾರ್ಖಾನೆಗಳು ಸೊರಗಿ, ದುಡಿಯುವ ವಯಸ್ಸಿನವರು ಕೆಲಸವಿಲ್ಲದೆ ಕೂತಿದ್ದರು. ಅದೇ ಊರಿನ 'ದಿ ಸ್ಪೆಷಲ್ಸ್' ತಂಡದ 'ಘೋಸ್ಟ್ ಟೌನ್' ಹಾಡು 1981ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಬಿಕೋ ಎನ್ನುವ ಊರು, ಹೊಡೆದಾಟ: ಹಾಡಿನ ತುಂಬ ಇದ್ದದ್ದು ಇವೇ.

ಕರಾಟೆ ಕಲಿತಿದ್ದರೂ ಥಾಂಪ್ಸನ್‌ರನ್ನು ಖಿನ್ನತೆ ಬಿಟ್ಟಿರಲಿಲ್ಲ. ಒಮ್ಮೆ ಕಾಗದದ ಮೇಲೆ ಪಿರಮಿಡ್ ಬರೆದು ತಮ್ಮ ಭಯಗಳನ್ನೆಲ್ಲ ಅದರಲ್ಲಿ ತುಂಬಿದರು. ಸಣ್ಣವು ಕೆಳಗೆ, ದೊಡ್ಡವು ಮೇಲೆ. ತುದಿಯಲ್ಲಿ ಕೂತಿದ್ದದ್ದು ಹೊಡೆದಾಟದ ಭಯ. ಒಂದೊಂದೇ ಮೆಟ್ಟಿಲು ಹತ್ತಿ, ಕೊನೆಗೆ ಕ್ಲಬ್ಬಿನ ಬಾಗಿಲಿಗೇ ಹೋಗಿ ನಿಂತರು. ನಿಂತದ್ದು ಒಂಬತ್ತು ವರ್ಷ!

ಅಲ್ಲಿ ಕಲಿತ ಒಂದು ವರಸೆ ಮುಂದೆ ಆತ್ಮರಕ್ಷಣೆ ಕಲಿಸುವವರ ನಡುವೆ ದೊಡ್ಡ ಹೆಸರು ಮಾಡಿತು. ಎದುರಿಗಿರುವವನು ಕುಡಿದು ಕೂಗಾಡುತ್ತಾ ಮೈಮೇಲೆ ಬರುತ್ತಿದ್ದಾನೆ ಅನ್ನಿ. ಬೌನ್ಸರ್ ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಮುಂದೆ ಹಿಡಿಯುತ್ತಾನೆ, ಮೆಲ್ಲಗೆ ಮಾತಾಡುತ್ತಾನೆ. ನೋಡುವವರಿಗೆ 'ಹೋಗ್ಲಿ ಬಿಡಣ್ಣ' ಎಂದು ಸಮಾಧಾನ ಮಾಡಿದ ಹಾಗೆ ಕಾಣುತ್ತದೆ. ಆದರೆ ಆ ಕೈಗಳು ಅಂತರ ಕಾಯುವ ಬೇಲಿ. ಎದುರಾಳಿ ಅದನ್ನು ಒತ್ತಿಕೊಂಡು ಒಳಬಂದು, ಮಾತು ಸೋತಿತೆಂದು ಖಚಿತವಾದರೆ ಮೊದಲ ಏಟು ಬೌನ್ಸರನದು. ಹೀರೋಗಳ ಫೈಟಿಂಗ್ ನೋಡಿ ಬೆಳೆದವರಿಗೆ ಇದು ಸಪ್ಪೆ ಎನಿಸಬಹುದು. ಬೀದಿಯ ಜಗಳ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ ಎನ್ನುವುದೇ ಥಾಂಪ್ಸನ್ ಪಾಠದ ತಿರುಳು.

ಕಾರ್ಖಾನೆಯೊಂದರಲ್ಲಿ ನೆಲ ಗುಡಿಸುವ ಕೆಲಸದಲ್ಲಿದ್ದಾಗ, ಅಲ್ಲಿಯ ಪಾಯಿಖಾನೆಯಲ್ಲಿ ಕದ್ದು ಕೂತು ಈ ನೆನಪುಗಳನ್ನು ಬರೆಯತೊಡಗಿದರು. ಅದೇ 'ವಾಚ್ ಮೈ ಬ್ಯಾಕ್'. ಆಮೇಲೆ ಪುಸ್ತಕಗಳು ಒಂದರ ಹಿಂದೆ ಒಂದು ಬಂದವು, ಸಿನಿಮಾಗಳೂ ಬಂದವು. ರೇ ವಿನ್‌ಸ್ಟನ್ ನಟಿಸಿದ ಕಿರುಚಿತ್ರ 'ಬೌನ್ಸರ್' ಬ್ರಿಟನ್ನಿನ ಬಾಫ್ಟಾ ಚಲನಚಿತ್ರ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. 'ಬ್ರೌನ್ ಪೇಪರ್ ಬ್ಯಾಗ್' 2004ರಲ್ಲಿ ಬಾಫ್ಟಾವನ್ನೇ ಗೆದ್ದಿತು. 2008ರ 'ಕ್ಲಬ್ಡ್' ಸಿನಿಮಾಕ್ಕೆ ಆಧಾರ ಆ ಮೊದಲ ಪುಸ್ತಕವೇ.

ಕೊವೆಂಟ್ರಿ ಎಂದರೆ ಹೊರಗಿನವರಿಗೆ ನೆನಪಾಗುವುದು ಕುದುರೆ ಏರಿದ ಲೇಡಿ ಗೊಡೈವಾ, ಇಲ್ಲವೇ 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಸಿಕ್ಕು ಪಾಳುಬಿದ್ದ ಕ್ಯಾಥೆಡ್ರಲ್. ಅದಕ್ಕೆಲ್ಲ ಸ್ಮಾರಕಗಳಿವೆ. ಕೆಲಸ ಕಳೆದುಕೊಂಡ ಊರಿನ ಶನಿವಾರದ ರಾತ್ರಿ, ಕ್ಲಬ್ಬಿನ ಮುಂದಿನ ಕ್ಯೂ, ಬಾಗಿಲು ಕಾಯುವವನ ಒಣಗಿದ ಗಂಟಲು—ಇವನ್ನೆಲ್ಲ ಯಾವ ನಗರಸಭೆಯೂ ದಾಖಲಿಸುವುದಿಲ್ಲ. ಥಾಂಪ್ಸನ್ ಪುಸ್ತಕದ ಬೆಲೆ ಇರುವುದು ಅಲ್ಲಿ; ಗುದ್ದಾಟದ ವರ್ಣನೆಗಳು ಅದರ ಮುಂದೆ ಎರಡನೆಯ ಮಾತು.

ಊರೂ ಅವರನ್ನು ಮರೆತಿಲ್ಲ. 2018ರಲ್ಲಿ ಕೊವೆಂಟ್ರಿಯ ಬೆಲ್‌ಗ್ರೇಡ್ ಥಿಯೇಟರ್, ಅದೇ ಊರಿನ 'ದಿ ಎನಿಮಿ' ಬ್ಯಾಂಡಿನ ಹಾಡುಗಳನ್ನು ಇಟ್ಟುಕೊಂಡು ಥಾಂಪ್ಸನ್ ಬರೆದ ಸಂಗೀತ ನಾಟಕವನ್ನು ರಂಗಕ್ಕೆ ತಂದಿತು. ಅವರನ್ನು ಹೊಸದಾಗಿ ಓದಹೊರಟವರು 'ವಾಚ್ ಮೈ ಬ್ಯಾಕ್'ನಿಂದಲೇ ಶುರು ಮಾಡಿ. 'ಕ್ಲಬ್ಡ್' ಆಮೇಲೆ ನೋಡಿದರೂ ನಡೆಯುತ್ತದೆ.