ನಲ್ಲೂರ ಹುಣಿಸೆ ತೋಪೂ ನಮ್ಮೂರ ಗುಂಡುತೋಪೂ



ಕಾಡು ಉಳಿಸಬೇಕು ಅಂದರೆ ನಮ್ಮ ಬಯಲುಸೀಮೆಯವರು, "ಅದು ಮಲೆನಾಡಿನವರ ಕೆಲಸ, ನಮ್ಮಲ್ಲಿ ಕಾಡೆಲ್ಲಿದೆ ಸ್ವಾಮಿ?" ಅಂತಾರೆ. ಮಾಕಳಿದುರ್ಗದ ಕಡೆಯ ಗುಡ್ಡಗಳನ್ನು ಬಿಟ್ಟರೆ ಮಾತು ಮುಕ್ಕಾಲು ಪಾಲು ನಿಜವೇ. ಆದರೆ ಗುಂಡುತೋಪನ್ನು ಮರೆತಿರಾ? ಮಾವು, ನೇರಳೆ, ಹೊಂಗೆ, ಇಪ್ಪೆ, ಹುಣಿಸೆ ಹಾಕಿ ಹಿರಿಯರು ಊರಿಗೆಲ್ಲಾ ಸೇರಿದ್ದೆಂದು ಬಿಟ್ಟುಹೋದ ಕಾಡು ಅದು.

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿ 53 ಎಕರೆಯಲ್ಲಿ ಸುಮಾರು 300 ಹುಣಿಸೆ ಮರಗಳಿವೆ. ಚೋಳರ ಕಾಲದ್ದು ಅಂತ ಜನ ಹೇಳುತ್ತಾರೆ. ತೀರ ಹಳೆಯ ಮರಗಳಿಗೆ 400 ವರ್ಷವೆಂದು ಅಂದಾಜು. ಬುಡ ಟೊಳ್ಳಾಗಿದ್ದರೂ ತುದಿಯಲ್ಲಿ ಚಿಗುರು ನಗುತ್ತಿರುತ್ತದೆ. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ ಸರ್ಕಾರ 2007ರಲ್ಲಿ ಈ ತೋಪನ್ನು ಪಾರಂಪರಿಕ ತಾಣವೆಂದು ಘೋಷಿಸಿತು. ಇಡೀ ದೇಶಕ್ಕೇ ಇದು ಮೊದಲನೆಯದು. ಮಾರನೆಯ ವರ್ಷವೇ ಆ ಸೀಮೆಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಭೂಮಿಯ ಬೆಲೆ ಏನಾಯಿತೆಂದು ನಿಮಗೆ ನಾನು ಹೇಳಬೇಕೆ?

ಘೋಷಣೆ ಕೊಡಲಿಯನ್ನು ತಡೆದೀತು. ಗಾಳಿ, ಬೆಂಕಿ, ಮುಪ್ಪು ಇವು ಸರ್ಕಾರದ ಆಜ್ಞೆ ಓದುವುದಿಲ್ಲ. ಹಳೆಯದರ ಪಕ್ಕದಲ್ಲಿ ಎಳೆಯದು ಏಳದಿದ್ದರೆ ತೋಪು ಹೆಸರಿಗೆ ಮಾತ್ರ ಉಳಿಯುತ್ತದೆ. ಅದಕ್ಕೆ ಕಾವಲು ಬೇಕಾದದ್ದು ಮರಕ್ಕಿಂತ ಹೆಚ್ಚಾಗಿ ಸಸಿಗೆ.

ಈ ಕೆಲಸಕ್ಕೆ ಬೆಂಗಳೂರಿನಿಂದ ಯಾರೋ ಬರಲೆಂದು ಕಾಯಬೇಡಿ. ಅದೇ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮಲ್ಲಿ ಇದೆಯೆ, ಎಂದು ಸಭೆ ಸೇರಿದೆ ಅಂತ ಕೇಳಿ ನೋಡಿ. ಅದರಲ್ಲಿ ಕುರಿ ಕಾಯುವವನು, ನಾಟಿ ವೈದ್ಯ, ಹುಣಿಸೆಹಣ್ಣು ಕುಟ್ಟುವ ಹೆಂಗಸರು ಇರಲಿ. ಯಾವ ಮರದ ಹಣ್ಣು ಹೆಚ್ಚು ಹುಳಿ, ಯಾವುದರ ತಿರುಳು ಕೆಂಪು ಎಂಬುದು ಅವರಿಗೇ ಗೊತ್ತು. ಅವರು ಹೇಳಿದ್ದನ್ನು ಬರೆದಿಟ್ಟರೆ ಅದೇ ಊರ ಜೀವವೈವಿಧ್ಯ ದಾಖಲೆ. ತೋಪಿನ ಸರ್ವೆ ನಂಬರು, ಗಡಿ, ಒತ್ತುವರಿ ಇವೂ ಅದರ ಜೊತೆಗಿರಲಿ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಸಮಿತಿಗಳೂ ಹೀಗೆ ಬರೆದು ಒಂದೆಡೆ ಕೂಡಿದರೆ, ಯಾವ ಊರಲ್ಲಿ ಇಪ್ಪೆ ಮುಗಿಯಿತು, ಯಾವ ಊರಿಂದ ಬೀಜ ತರಬಹುದು ಎಂಬುದು ಕಾಣುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ಅದನ್ನು ಕಿತ್ತ ಜಾಗಕ್ಕೂ ಸಸಿ ಬೇಕಲ್ಲ!

ಬೀಜದ ವಿಷಯದಲ್ಲಿ ಒಂದು ಎಚ್ಚರಿಕೆ. ಒಂದೇ ಒಳ್ಳೆಯ ಮರದ ಕಸಿ ಕಟ್ಟಿದರೆ ಫಲ ಬೇಗ ಬರುತ್ತದೆ, ಗುಣವೂ ತಾಯಿಮರದ್ದೇ. ಹೊಲದ ಬದುವಿಗೆ ಅದು ಸರಿ. ತೋಪಿಗೆ ಮಾತ್ರ ಹತ್ತಾರು ಮರಗಳ ಬೀಜ ಬೆರೆಸಿ. ಬೀಜದಿಂದ ಎದ್ದ ಹುಣಿಸೆ ಒಂದರಂತೆ ಇನ್ನೊಂದಿರುವುದಿಲ್ಲ. ಬರ, ರೋಗ ಬಂದಾಗ ಕೆಲವಾದರೂ ನಿಲ್ಲುತ್ತವೆ. ಶಿವರಾತ್ರಿಯಿಂದ ಯುಗಾದಿಯ ಸುಮಾರಿಗೆ ಹಣ್ಣು ಬಡಿಯುವಾಗ ಮರಕ್ಕೊಂದು ಚೀಲ ಕಟ್ಟಿ, ಗುರುತು ಬರೆಯಿರಿ. ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ ಬಿತ್ತಿರಿ. ಮಳೆಗಾಲ ಹಿಡಿದ ಮೇಲೆ ಸುಮಾರು 30 ಅಡಿ ಅಂತರದಲ್ಲಿ ನೆಟ್ಟು, ಮೇಕೆಗೆ ಸಿಗದಂತೆ ಜಾಲಿ ಮುಳ್ಳು ಕಟ್ಟಿ. ಮೊದಲ ಎರಡು ಬೇಸಿಗೆ ನೀರು ಹೊರುವವರು ಯಾರು ಎಂಬುದನ್ನು ನೆಡುವ ಮೊದಲೇ ಸಭೆಯಲ್ಲಿ ಗೊತ್ತುಮಾಡಿಕೊಳ್ಳಿ.